ರಾಗಿ, ಹೆಸರು, ಹುರುಳಿ: ವಯಸ್ಸಾಗುತ್ತಿರುವ ಚರ್ಮಕ್ಕೆ ಮೊಳಕೆ ಕಟ್ಟುವ ಕ್ರಮ

ವಯಸ್ಸಾಗುತ್ತಿದೆ ಅನ್ನೋದನ್ನು ನನಗೆ ಮೊದಲು ತಿಳಿಸಿದ್ದು ಹಿಂಗೈ. ಚಿವುಟಿ ಬಿಟ್ಟರೆ ಚರ್ಮ ಮೊದಲಿನ ಹಾಗೆ ತಟ್ಟನೆ ಸರಿಹೋಗುತ್ತಿರಲಿಲ್ಲ. ಆಮೇಲೆ ಕಣ್ಣಿನ ಪಕ್ಕ ಗೆರೆ ಮೂಡಿತು, ಮೊಣಕಾಲ ಕೆಳಗೆ ಬಿಳಿಬಿಳಿ ಒಣ ಸಿಪ್ಪೆ ಏಳತೊಡಗಿತು. "ಮೊಳಕೆ ಕಾಳು ತಿನ್ನು, ಹತ್ತು ವರ್ಷ ಚಿಕ್ಕವಳಾಗ್ತೀಯ" ಎಂದು ಗೆಳತಿಯೊಬ್ಬಳು ಹೇಳಿದಳು. ಹತ್ತು ವರ್ಷದ ಮಾತು ನಿಜವಲ್ಲ. ಆದರೆ ಚರ್ಮಕ್ಕೆ ಬೇಕಾದ ಕೆಲವು ಪದಾರ್ಥಗಳು ಮೊಳಕೆಯಲ್ಲಿ ಇರುವುದು ನಿಜ. ಅವು ಯಾವುವು, ಅವನ್ನು ಹಾಳು ಮಾಡದೆ ತಟ್ಟೆಗೆ ತರುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಗೋಧಿ, ಜೋಳ, ಸಜ್ಜೆ ಎಲ್ಲವೂ ಮೊಳಕೆ ಒಡೆಯುತ್ತವೆ. ನಾನು ರಾಗಿ, ಹೆಸರು, ಹುರುಳಿ ಈ ಮೂರನ್ನೇ ಹಿಡಿದಿದ್ದೇನೆ. ನಮ್ಮ ಕಡೆ ಸುಲಭವಾಗಿ ಸಿಗುತ್ತವೆ, ಬೆಲೆಯೂ ಕೈಗೆಟುಕುತ್ತದೆ.

ಮೊದಲು ಚರ್ಮಕ್ಕೆ ಏನಾಗುತ್ತಿದೆ ನೋಡೋಣ

ಚರ್ಮದ ಒಳಪದರದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳಿವೆ. ಚಾಪೆಗೆ ಜೊಂಡು ಹೇಗೋ ಚರ್ಮಕ್ಕೆ ಇವು ಹಾಗೆ. ಜೊಂಡು ಸವೆದರೆ ಚಾಪೆ ಜೋತುಬೀಳುತ್ತದೆ ಅಲ್ವಾ, ಚರ್ಮದ ಕಥೆಯೂ ಅದೇ.

ಸವೆತಕ್ಕೆ ವಯಸ್ಸು ಒಂದೇ ಕಾರಣವಲ್ಲ. ಹೆಂಗಸರಿಗೆ ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಿ ಚರ್ಮದ ಕೊಲಾಜನ್ ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಈ ನಾರುಗಳನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತವೆ. ಮೂರನೆಯದು ಸಕ್ಕರೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಹೋಗಿ ಕೊಲಾಜನ್‌ಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಗ್ಲೈಕೇಶನ್ ಎನ್ನುತ್ತಾರೆ. ಹೀಗೆ ಅಂಟಿಕೊಂಡ ನಾರು ಬಿರುಸಾಗುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಚರ್ಮದ ಕೊಲಾಜನ್ ಅರ್ಧದಷ್ಟು ಹೊಸದಾಗಲು ಸುಮಾರು 15 ವರ್ಷ ಬೇಕು. ಹಾಗಾಗಿ ಇವತ್ತು ಅಂಟಿಕೊಂಡದ್ದು ಬಹಳ ಕಾಲ ಅಲ್ಲೇ ಉಳಿಯುತ್ತದೆ.

ಈ ಮೂರನ್ನೂ ನೆನಪಿನಲ್ಲಿಡಿ. ಮುಂದೆ ಹೇಳುವುದೆಲ್ಲ ಇವಕ್ಕೇ ಸೇರಿದ್ದು.

ನೆನೆದ ಕಾಳಿನ ಒಳಗೆ

ಒಣ ಕಾಳು ನಿದ್ದೆಯಲ್ಲಿರುತ್ತದೆ. ನೀರು ಹೀರಿದ ಕೂಡಲೇ ಒಳಗಿನ ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಆ ಸುದ್ದಿ ಮುಟ್ಟಿದಾಗ ಸಿಪ್ಪೆಯ ಕೆಳಗಿನ ಪದರ ಕಿಣ್ವಗಳನ್ನು ತಯಾರಿಸುತ್ತದೆ. ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ. ಮೊಳಕೆ ರಾಗಿ ತುಸು ಸಿಹಿಯಾಗುವುದು, ಅದರ ಗಂಜಿ ತೆಳ್ಳಗಾಗುವುದು ಇದರಿಂದಲೇ. ಫೈಟೇಸ್ ಎಂಬ ಇನ್ನೊಂದು ಕಿಣ್ವ ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಕಬ್ಬಿಣ, ಸತುವನ್ನು ಬಿಗಿಯಾಗಿ ಹಿಡಿದಿಟ್ಟಿದ್ದು ಈ ಆಮ್ಲ. ಅದರ ಹಿಡಿತ ಸಡಿಲವಾದಾಗ ಆ ಖನಿಜಗಳು ನಮ್ಮ ಮೈಗೆ ಹತ್ತುತ್ತವೆ. ಚರ್ಮದ ಗಾಯ ಮಾಯಲು ಸತು ಬೇಕೇ ಬೇಕು.

ಒಣ ಹೆಸರು ಕಾಳಿನಲ್ಲಿ ವಿಟಮಿನ್ ಸಿ ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆ ಒಡೆಯುವಾಗ ಕಾಳು ಅದನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ. ವಿಟಮಿನ್ ಸಿ ಇಲ್ಲದಿದ್ದರೆ ನಮ್ಮ ಮೈ ಗಟ್ಟಿ ಕೊಲಾಜನ್ ಹೆಣೆಯಲಾರದು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ಹಸಿ ಹಣ್ಣು ತರಕಾರಿ ಸಿಗದೆ ಒಸಡು ಕಿತ್ತುಬರುತ್ತಿತ್ತು, ಹಳೆಯ ಗಾಯಗಳು ಮತ್ತೆ ಬಾಯಿ ತೆರೆಯುತ್ತಿದ್ದವು. ಕಾರಣ ಇದೇ ಕೊರತೆ.

ಇನ್ನು ಸಿಪ್ಪೆ. ರಾಗಿಯ ಕಂದು ಸಿಪ್ಪೆಯಲ್ಲಿ ಪಾಲಿಫಿನಾಲ್‌ಗಳು, ಅಂದರೆ ಗಿಡಗಳು ತಮ್ಮ ರಕ್ಷಣೆಗೆ ತಯಾರಿಸಿಕೊಳ್ಳುವ ಪದಾರ್ಥಗಳು, ಗುಂಪಾಗಿವೆ. ಅದರಲ್ಲಿ ಫೆರುಲಿಕ್ ಆಮ್ಲ ಮುಖ್ಯವಾದದ್ದು. ತೊಂದರೆ ಏನೆಂದರೆ, ಅದರ ಬಹುಪಾಲು ಸಿಪ್ಪೆಯ ನಾರಿಗೆ ಅಂಟಿಕೊಂಡಿರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಸಂಶೋಧಕರು ಇಂಡಾಫ್-15 ಎಂಬ ರಾಗಿ ತಳಿಯನ್ನು ಮೊಳಕೆ ಬರಿಸಿ ಪರೀಕ್ಷಿಸಿದರು. ಅದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಮೊಳಕೆ ಬಂದಂತೆ ಅಂಟಿಕೊಂಡಿದ್ದ ಫಿನಾಲಿಕ್ ಆಮ್ಲಗಳು ಕಡಿಮೆಯಾಗಿ, ಬಿಡಿಯಾಗಿ ಸಿಗುವ ಫೆರುಲಿಕ್‌ನಂಥವು ಹೆಚ್ಚಾದವು. (ಇಂಡಾಫ್ ಅಂದರೆ ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ತೆಗೆದ ತಳಿಗಳು. ಮಂಡ್ಯದ ವಿ.ಸಿ. ಫಾರಂನಲ್ಲಿ ಇವನ್ನು ಬೆಳೆಸಿಕೊಟ್ಟವರು ರಾಗಿ ಲಕ್ಷ್ಮಣಯ್ಯ. ರಾಗಿ ತಿನ್ನುವಾಗಲೆಲ್ಲ ಅವರನ್ನು ನೆನೆಯಬೇಕು ಅನ್ನಿಸುತ್ತದೆ ನನಗೆ.)

ಅದೇ 2002ರಲ್ಲಿ ಚೆನ್ನೈನ ಸಂಶೋಧಕರು ಇನ್ನೊಂದು ಕೆಲಸ ಮಾಡಿದರು. ರಾಗಿ ಮತ್ತು ಹಾರಕದ ಸಾರವನ್ನು ಕೊಲಾಜನ್ ಜೊತೆ ಇಟ್ಟು ನೋಡಿದರು. ಸಕ್ಕರೆ ಕೊಲಾಜನ್‌ಗೆ ಅಂಟುವುದು ಕಡಿಮೆಯಾಯಿತು. ಇದು ಗಾಜಿನ ಕೊಳವೆಯಲ್ಲಿ ಕಂಡ ಮಾತು, ಮನುಷ್ಯರ ಮುಖದ ಮೇಲೆ ಕಂಡದ್ದಲ್ಲ. ಆ ಅಂತರವನ್ನು ಮರೆಸಿ ಯಾರಾದರೂ ಡಬ್ಬಿ ಮಾರಲು ಬಂದರೆ ಕೊಳ್ಳಬೇಡಿ.

ಹೆಸರು ಕಾಳಿನ ಹಸಿರು ಸಿಪ್ಪೆಯಲ್ಲಿ ವೈಟೆಕ್ಸಿನ್, ಐಸೋವೈಟೆಕ್ಸಿನ್ ಎಂಬ ಎರಡು ಆಂಟಿಆಕ್ಸಿಡೆಂಟ್‌ಗಳಿವೆ (ಜೀವಕೋಶಗಳಿಗೆ ಆಗುವ ಹಾನಿಯನ್ನು ತಡೆಯುವಂಥವು). ಸಿಪ್ಪೆ ತೆಗೆದ ಹೆಸರು ಬೇಳೆಯಲ್ಲಿ ಇವು ಸಿಗುವುದಿಲ್ಲ. ಮೊಳಕೆ ಬಂದ ಮೇಲೆ ನೀರಲ್ಲಿ ತಿಕ್ಕಿ ಸಿಪ್ಪೆ ತೇಲಿಸಿ ಚೆಲ್ಲುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ರಾಗಿ ಮೊಳಕೆ ಹಿಟ್ಟು

ಒಂದು ಕಿಲೋ ರಾಗಿಯಿಂದ ಶುರು ಮಾಡಿ. ಬಿಳಿ ರಾಗಿಗಿಂತ ಕಂದು ರಾಗಿಯ ಸಿಪ್ಪೆಯಲ್ಲಿ ಪಾಲಿಫಿನಾಲ್ ಜಾಸ್ತಿ, ಹಾಗಾಗಿ ಕಂದು ರಾಗಿಯನ್ನೇ ತನ್ನಿ. ಬಿತ್ತನೆಗೆಂದು ಮಾರುವ ಬೀಜ ಬೇಡವೇ ಬೇಡ. ಅದಕ್ಕೆ ಔಷಧಿ ಬಳಿದಿರುತ್ತಾರೆ. ತುಂಬಾ ಹಳೆಯ ರಾಗಿಯೂ ಬೇಡ, ಅರ್ಧಕ್ಕರ್ಧ ಮೊಳೆಯುವುದಿಲ್ಲ.

ಜರಡಿ ಹಿಡಿಯಿರಿ. ನೀರಲ್ಲಿ ಹಾಕಿ ತೇಲುವ ಜಳ್ಳು ತೆಗೆಯಿರಿ. ರಾಗಿಯಲ್ಲಿ ಸಣ್ಣ ಕಲ್ಲು ಇರುವುದು ಹೆಚ್ಚು, ಎರಡು ಸಲ ಕಲ್ಲು ಗಾಳಿಸಿದರೆ ಒಳ್ಳೆಯದು. ನೀರು ತಿಳಿಯಾಗುವವರೆಗೆ ತೊಳೆದು, ರಾತ್ರಿ ನೆನೆಹಾಕಿ. 10 ರಿಂದ 12 ಗಂಟೆ ಸಾಕು. ಸೆಕೆಗಾಲದಲ್ಲಿ ನಡುವೆ ಒಮ್ಮೆ ನೀರು ಬದಲಿಸಿ.

ಬೆಳಿಗ್ಗೆ ನೀರು ಪೂರ್ತಿ ಬಸಿಯಿರಿ. ಇಲ್ಲಿ ಅವಸರ ಬೇಡ. ತೂತಿನ ಪಾತ್ರೆಯಲ್ಲಿ ಅರ್ಧ ಗಂಟೆ ಬಿಡಿ. ನೀರು ಉಳಿದರೆ ಮೊಳಕೆ ಬರುವ ಬದಲು ಕಾಳು ಹುಳಿಯುತ್ತದೆ. ಒಂದು ಮಳೆಗಾಲದಲ್ಲಿ ನಾನು ಸರಿಯಾಗಿ ಬಸಿಯದೆ ಕಟ್ಟಿದ್ದೆ. ಎರಡನೇ ದಿನ ಗಂಟು ಬಿಚ್ಚಿದಾಗ ಲೋಳೆ, ಹುಳಿ ವಾಸನೆ. ಎರಡು ಕಿಲೋ ರಾಗಿ ಗಿಡದ ಬುಡಕ್ಕೆ ಹೋಯಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಬಿಸಿನೀರಲ್ಲಿ ಕುದಿಸಿ ಹಿಂಡಿದ ತೆಳು ಹತ್ತಿ ಬಟ್ಟೆ ತೆಗೆದುಕೊಳ್ಳಿ. ಹಳೆಯ ಪಂಚೆಯ ತುಂಡು ಬಹಳ ಚೆನ್ನಾಗಿರುತ್ತದೆ. ರಾಗಿ ಸುರಿದು ಗಂಟು ಕಟ್ಟಿ, ಆದರೆ ಬಿಗಿಯಾಗಿ ಅಲ್ಲ. ಒಳಗೆ ಗಾಳಿ ಆಡಬೇಕು. ಗಂಟನ್ನು ತೂಗುಹಾಕಿ ಅಥವಾ ತೂತಿನ ಪಾತ್ರೆಯಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚಿ. ಬಟ್ಟೆ ಒಣಗಿದಂತೆ ಕಂಡಾಗ ಕೈಯಲ್ಲಿ ನೀರು ಚಿಮುಕಿಸಿ. ಮೊಳೆಯುವ ರಾಗಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ದಿನಕ್ಕೆರಡು ಸಲ ಗಂಟು ಬಿಚ್ಚಿ, ಕೈಯಾಡಿಸಿ, ತಣ್ಣಗೆ ಮಾಡಿ ಮತ್ತೆ ಕಟ್ಟಿ.

ಎಷ್ಟು ಹೊತ್ತು ಬೇಕು ಅನ್ನೋದು ಊರಿನ ಹವೆಗೆ ಬಿಟ್ಟದ್ದು. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆ ಬೇಗ ಆಗುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಎರಡು ದಿನ ಹಿಡಿಯುತ್ತದೆ. ಚಳಿ ದೇಶದಲ್ಲಿರುವ ನಮ್ಮವರು ಒಲೆ ಹಚ್ಚದೆ ಓವನ್ ಒಳಗಿನ ದೀಪವನ್ನಷ್ಟೇ ಹಾಕಿ ಗಂಟನ್ನು ಅಲ್ಲಿಡಬಹುದು. ಗಡಿಯಾರಕ್ಕಿಂತ ಕಾಳನ್ನು ನೋಡಿ. ಬಿಳಿ ಬೇರು ಅರ್ಧ ಸೆಂಟಿಮೀಟರ್ ಆಸುಪಾಸು ಬಂದರೆ ಸಾಕು. ಉದ್ದ ಬಿಟ್ಟರೆ ಹಿಟ್ಟು ಕಹಿಯಾಗುತ್ತದೆ.

ಈಗ ಒಣಗಿಸುವುದು. ಶುಚಿಯಾದ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಮೇಲೆ ಇನ್ನೊಂದು ತೆಳು ಬಟ್ಟೆ ಹೊದಿಸಿ ಬಿಸಿಲಿಗಿಡಿ. ಹಲ್ಲಿನಲ್ಲಿ ಕಡಿದರೆ ಟಕ್ಕೆಂದು ಒಡೆಯಬೇಕು, ಅಷ್ಟು ಒಣಗಲಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅರೆ ಒಣಗಿದ ಕಾಳಿಗೆ ಬೂಸ್ಟು ಬರುತ್ತದೆ, ಬೂಸ್ಟಿನ ವಿಷ ಹುರಿದರೂ ಹೋಗುವುದಿಲ್ಲ.

ಒಣಗಿದ ರಾಗಿಯನ್ನು ಎರಡು ಅಂಗೈ ನಡುವೆ ಉಜ್ಜಿ, ಒಣ ಬೇರು ಉದುರುತ್ತದೆ. ಮೊರದಲ್ಲಿ ಕೇರಿ. ಆಮೇಲೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಮಾತ್ರ ಹುರಿಯಿರಿ. ಕಪ್ಪಾಗಿಸಬೇಡಿ. ಗಿರಣಿಗೆ ಕೊಡುವಾಗ ನುಣ್ಣಗೆ ಬೀಸಲು ಹೇಳಿ, ಆದರೆ ಮನೆಗೆ ತಂದು ವಸ್ತ್ರಗಾಳಿಸಬೇಡಿ. ಮಕ್ಕಳ ಮಣ್ಣಿಗೆ ಹಾಗೆ ಮಾಡುವುದು ಸರಿ. ನಮಗೆ ಬೇಕಾದ ಸಿಪ್ಪೆ ಆ ಬಟ್ಟೆಯಲ್ಲೇ ಉಳಿದುಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳಿಗೆ ಸಾಲುವಷ್ಟು ಮಾತ್ರ ಬೀಸಿಸಿಕೊಳ್ಳಿ.

ಈ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ, ಬರುವುದಿಲ್ಲ. ಪಿಷ್ಟ ಒಡೆದಿರುವುದರಿಂದ ಅಂಟು ಇರುವುದಿಲ್ಲ. ಇದು ಅಂಬಲಿಯ ಹಿಟ್ಟು. ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ. ಎರಡು ಲೋಟ ನೀರು ಕುದಿಯುವಾಗ ಸುರಿದು, ಕೈ ಬಿಡದೆ ತಿರುವುತ್ತ 6-7 ನಿಮಿಷ ಬೇಯಿಸಿ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಕರಿಬೇವು ಹಾಕಿ.

ಬೆಲ್ಲ, ಸಕ್ಕರೆ ಬೇಡ. ಕೊಲಾಜನ್‌ಗೆ ಸಕ್ಕರೆ ಅಂಟುವುದನ್ನು ತಡೆಯಲಿ ಅಂತಲೇ ಅಲ್ವಾ ನಾವು ರಾಗಿ ಕುಡಿಯುತ್ತಿರುವುದು? ಅದಕ್ಕೆ ಮೂರು ಚಮಚ ಸಕ್ಕರೆ ಸುರಿದರೆ ಮಾಡಿದ ಕೆಲಸವೆಲ್ಲ ಹಾಳು. ಮಧುಮೇಹ ಇರುವವರು ಇನ್ನೂ ಒಂದು ಮಾತು ಕೇಳಿ. ಮೊಳಕೆ ಹಿಟ್ಟಿನ ಗಂಜಿ ಮುದ್ದೆಗಿಂತ ಬೇಗ ಜೀರ್ಣವಾಗುತ್ತದೆ. ಸಣ್ಣ ಲೋಟದಲ್ಲಿ ಕುಡಿದು, ಎರಡು ಗಂಟೆ ಬಿಟ್ಟು ಸಕ್ಕರೆ ಅಳೆದು ನೋಡಿ. ಏರುತ್ತಿದ್ದರೆ ನಿಮಗೆ ಹೆಸರು, ಹುರುಳಿಯೇ ಸರಿ.

ಹೆಸರು ಮತ್ತು ಹುರುಳಿ

ರಾಗಿ ಒಣಗಿ, ಹುರಿದಾಗ ಅದರಲ್ಲಿ ಹುಟ್ಟಿದ ವಿಟಮಿನ್ ಸಿ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಫೆರುಲಿಕ್ ಉಳಿಯುತ್ತದೆ. ವಿಟಮಿನ್ ಸಿ ಬೇಕೆಂದರೆ ಒಣಗಿಸದ ಮೊಳಕೆಯೇ ಆಗಬೇಕು. ಅದಕ್ಕೇ ಹೆಸರು.

ಹೆಸರು ಕಾಳು ಕಟ್ಟುವುದು ಎಲ್ಲರಿಗೂ ಗೊತ್ತು. 8 ಗಂಟೆ ನೆನೆಸಿ, ಬಸಿದು, ಒಂದು ದಿನ ಕಟ್ಟಿಡಿ. ಒಬ್ಬರಿಗೆ ದಿನಕ್ಕೆ 50 ಗ್ರಾಂ ಒಣ ಕಾಳು ಸಾಕು. ಅದರಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇದೆ. ಕೊಲಾಜನ್ ಕೂಡ ಪ್ರೋಟೀನೇ, ಹೆಣೆಯಲು ದಾರ ಬೇಕಲ್ಲ. ವಯಸ್ಸಾದಂತೆ ನಮ್ಮ ಹೆಂಗಸರು ಅನ್ನ, ಮಜ್ಜಿಗೆಯಲ್ಲೇ ಊಟ ಮುಗಿಸಿಬಿಡುತ್ತಾರೆ. ನನ್ನ ಮನಸ್ಸಿಗೆ ನೋವಾಗುವ ವಿಷಯ ಇದು.

ಈಗ ಒಂದು ಲೆಕ್ಕ. 100 ಗ್ರಾಂ ಹಸಿ ಹೆಸರು ಮೊಳಕೆಯಲ್ಲಿ ವಿಟಮಿನ್ ಸಿ ಸುಮಾರು 13 ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಹೆಂಗಸರಿಗೆ 65, ಗಂಡಸರಿಗೆ 80 ಮಿಲಿಗ್ರಾಂ ಬೇಕು. ಬರೀ ಮೊಳಕೆಯಿಂದ ಅದು ತುಂಬುವುದಿಲ್ಲ, ಬೇಯಿಸಿದರೆ ಇನ್ನೂ ಕಡಿಮೆ. ಹಾಗಾಗಿ ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ನೆಲ್ಲಿಕಾಯಿ ಕಾಲದಲ್ಲಿ ಹಸಿ ನೆಲ್ಲಿಕಾಯಿ ತಂಬುಳಿ ಮಾಡಿ, ಅದನ್ನು ಮೀರಿಸುವುದು ಯಾವುದೂ ಇಲ್ಲ. ಸೀಬೆಹಣ್ಣು ಸಿಕ್ಕರೆ ಅದೂ ಆಗುತ್ತದೆ. ಈ ಹುಳಿ ಕಾಳಿನ ಕಬ್ಬಿಣವನ್ನೂ ಮೈಗೆ ಹತ್ತಿಸುತ್ತದೆ. ಊಟದ ಜೊತೆ ಕಾಫಿ, ಟೀ ಮಾತ್ರ ಬೇಡ, ಒಂದು ಗಂಟೆ ತಡೆಯಿರಿ.

ಹುರುಳಿ ಗಟ್ಟಿ ಕಾಳು. 12 ಗಂಟೆ ನೆನೆಯಬೇಕು, ಮೊಳಕೆಗೆ ಎರಡು ದಿನ ಬೇಕು. ನೆನೆಸಿದ ನೀರನ್ನು ಚೆಲ್ಲಿಬಿಡಿ, ಹೊಟ್ಟೆ ಉಬ್ಬರಿಸುವ ಸಕ್ಕರೆಗಳು ಅದರಲ್ಲಿರುತ್ತವೆ. ಬೇಯಿಸಿದ ನೀರನ್ನು ಮಾತ್ರ ಚೆಲ್ಲಬಾರದು. ಬೇಯುವಾಗ ಸಿಪ್ಪೆಯ ಬಣ್ಣ, ಪಾಲಿಫಿನಾಲ್ ನೀರಿಗಿಳಿಯುತ್ತವೆ. ನಮ್ಮ ಹಿರಿಯರು ಆ ಕಟ್ಟನ್ನು ಬಸಿದು ಬಸ್ಸಾರು ಮಾಡಿ, ಕಾಳನ್ನು ಪಲ್ಯ ಮಾಡಿದರು. ಏನೂ ದಂಡವಾಗಲಿಲ್ಲ. ಉತ್ತರ ಕರ್ನಾಟಕದಲ್ಲಿ ಮಡಕಿ ಕಾಳನ್ನು ಮೊಳಕೆ ಬರಿಸಿ ರೊಟ್ಟಿ ಜೊತೆ ತಿನ್ನುತ್ತಾರೆ. ಅದೂ ಇದೇ ಸಾಲಿಗೆ ಸೇರಿದ್ದು.

ಹಸಿಯಾಗಿ ತಿನ್ನಬಹುದೇ?

ಐವತ್ತರ ಮೇಲಿನವರಿಗೆ ನಾನು ಹೇಳುವುದು ಒಂದೇ, ಬೇಯಿಸಿ ತಿನ್ನಿ. ಮೊಳಕೆಗೆ ಬೇಕಾದ ಬೆಚ್ಚಗಿನ ಒದ್ದೆ ಜಾಗವೇ ಬ್ಯಾಕ್ಟೀರಿಯಾಗಳಿಗೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ-ಕೋಲಿ ಸೋಂಕು ಹರಡಿತು. ಸುಮಾರು 4,000 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಮಂದಿ ಸತ್ತರು. ರೋಗಾಣು ಕಾಳಿನ ಬಿರುಕಿನೊಳಗೆ ಸೇರಿದ್ದರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಇಡ್ಲಿ ಪಾತ್ರೆಯಲ್ಲಿ ತೆಳ್ಳಗೆ ಹರಡಿ, ಆವಿ ಬಂದ ಮೇಲೆ 8 ನಿಮಿಷ ಬೇಯಿಸಿದರೆ ಹೆಸರು ಮೊಳಕೆ ಮೆತ್ತಗಾಗುತ್ತದೆ, ಮುದ್ದೆಯಾಗುವುದಿಲ್ಲ. ಸ್ವಲ್ಪ ವಿಟಮಿನ್ ಸಿ ಹೋಗುತ್ತದೆ, ಹೋಗಲಿ. ನಿಂಬೆಹಣ್ಣು ಇದೆಯಲ್ಲ. ಸಾಸಿವೆ, ಇಂಗಿನ ಒಗ್ಗರಣೆ, ಕಾಯಿತುರಿ ಹಾಕಿದರೆ ಉಸಲಿ ಆಯಿತು. ಬಸುರಿಯರು, ಚಿಕ್ಕ ಮಕ್ಕಳು, ಕೀಮೋ ತೆಗೆದುಕೊಳ್ಳುತ್ತಿರುವವರು ಹಸಿ ಮೊಳಕೆಯ ಹತ್ತಿರವೂ ಹೋಗಬಾರದು. ಕಟ್ಟಿದ ಮೊಳಕೆ ಫ್ರಿಜ್‌ನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಲೋಳೆ ಬಂದರೆ ತೊಳೆದು ಬಳಸುವ ಯೋಚನೆ ಬೇಡ. ಮೂತ್ರಪಿಂಡದ ತೊಂದರೆ ಇರುವವರು ಕಾಳಿನ ಪ್ರಮಾಣವನ್ನು ವೈದ್ಯರ ಹತ್ತಿರ ಕೇಳಿಯೇ ನಿರ್ಧರಿಸಬೇಕು.

ಮುಖಕ್ಕೆ ಹಚ್ಚಿದರೆ?

ಈ ಪ್ರಶ್ನೆ ಬಂದೇ ಬರುತ್ತದೆ. ಫೆರುಲಿಕ್ ಆಮ್ಲ ಚರ್ಮದ ಮೇಲೂ ಕೆಲಸ ಮಾಡುತ್ತದೆ ಎಂಬುದಕ್ಕೆ ಆಧಾರ ಇದೆ. 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಶೇ 15 ವಿಟಮಿನ್ ಸಿ, ಶೇ 1 ವಿಟಮಿನ್ ಇ ಇರುವ ದ್ರವಕ್ಕೆ ಶೇ 0.5 ಫೆರುಲಿಕ್ ಆಮ್ಲ ಸೇರಿಸಿ ಹಂದಿಯ ಚರ್ಮಕ್ಕೆ ಹಚ್ಚಿದರು. ಬಿಸಿಲಿನ ಕಿರಣಗಳ ವಿರುದ್ಧ ಸಿಗುತ್ತಿದ್ದ ರಕ್ಷಣೆ ಇಮ್ಮಡಿಯಾಯಿತು. ಇವತ್ತು ಅಂಗಡಿಯಲ್ಲಿ ಸಿಗುವ ಫೆರುಲಿಕ್ ಸೀರಮ್‌ಗಳ ಹಿಂದೆ ಇರುವುದು ಈ ಕೆಲಸ.

ಆದರೆ ಆ ದ್ರವದ ಹುಳಿ, ಸಾಂದ್ರತೆ ಎಲ್ಲ ಅಳೆದು ತಯಾರಿಸಿದ್ದು. ರುಬ್ಬಿದ ಮೊಳಕೆಯನ್ನು ಮುಖಕ್ಕೆ ಬಳಿದರೆ ಅದು ಆಗುವುದಿಲ್ಲ. ಅದರಲ್ಲಿ ಬ್ಯಾಕ್ಟೀರಿಯಾ ಇರಬಹುದು, ಒಣ ಚರ್ಮದ ಬಿರುಕಿನಲ್ಲಿ ಕೆರೆತ ಶುರುವಾಗಬಹುದು. ಸೋಪಿನ ಬದಲು ಒಣ ಹೆಸರು ಹಿಟ್ಟಿನಲ್ಲಿ ಮೈ ತೊಳೆಯುವ ಅಭ್ಯಾಸ ಇದ್ದರೆ ಮುಂದುವರಿಸಿ, ಉಜ್ಜಬೇಡಿ ಅಷ್ಟೇ. ಮೈ ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಿದರೆ ಕಾಲಿನ ಒಣ ಸಿಪ್ಪೆ ಬೇಗ ಕಡಿಮೆಯಾಗುತ್ತದೆ.

ಎಷ್ಟು ದಿನ, ಮತ್ತು ಬಿಸಿಲು

ವಾರದಲ್ಲಿ ಐದು ದಿನ ಬೆಳಿಗ್ಗೆ ಅಂಬಲಿ, ದಿನಕ್ಕೊಮ್ಮೆ ಹೆಸರು ಅಥವಾ ಹುರುಳಿ. ಇದು ನನ್ನ ಕ್ರಮ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ಮೊದಲು ಗೊತ್ತಾಗುವುದು ಹೊಟ್ಟೆ ಹಗುರಾದದ್ದು. ಮೂಡಿದ ಗೆರೆ ಅಳಿಸಿಹೋಗುತ್ತದೆ ಅಂತ ಕಾಯಬೇಡಿ. ಚರ್ಮ ಇದ್ದಕ್ಕಿದ್ದಂತೆ ತೀರಾ ಒಣಗಿ, ಕೂದಲೂ ಉದುರಿ, ಸುಸ್ತಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮಚ್ಚೆಯೊಂದು ಬಣ್ಣ, ಆಕಾರ ಬದಲಿಸಿದರೆ ತಡಮಾಡದೆ ಚರ್ಮದ ವೈದ್ಯರಿಗೆ ತೋರಿಸಿ.

ಬಿಸಿಲಿನ ಮಾತು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಇದಕ್ಕೆ ಮನುಷ್ಯರ ಮೇಲೇ ನಡೆದ ದೊಡ್ಡ ಪರೀಕ್ಷೆಯ ಆಧಾರ ಇದೆ. ಆಸ್ಟ್ರೇಲಿಯಾದ ನಂಬೂರ್ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ದಿನವೂ ಸನ್‌ಸ್ಕ್ರೀನ್ ಹಚ್ಚಲು ಹೇಳಿದ ಗುಂಪಿನಲ್ಲಿ ಚರ್ಮದ ಮುಪ್ಪು ಇನ್ನೊಂದು ಗುಂಪಿಗಿಂತ ಶೇ 24ರಷ್ಟು ಕಡಿಮೆ ಇತ್ತು. 2013ರಲ್ಲಿ ಇದು ಪ್ರಕಟವಾಯಿತು. ಯಾವ ಮೊಳಕೆಯೂ ಇಷ್ಟು ಮಾಡಿ ತೋರಿಸಿಲ್ಲ. ಕಿಟಕಿ ಗಾಜಿನ ಮೂಲಕವೂ ಯುವಿ-ಎ ಎಂಬ ಬಗೆಯ ಅತಿನೇರಳೆ ಕಿರಣ ಬರುತ್ತದೆ, ಆದ್ದರಿಂದ ಕಾರಿನಲ್ಲಿ, ಬಸ್ಸಿನ ಕಿಟಕಿ ಪಕ್ಕ ಕೂತಾಗಲೂ ಬೇಕು. ಮುಖಕ್ಕೆ ಹಚ್ಚುವಾಗ ಕುತ್ತಿಗೆ, ಹಿಂಗೈಯನ್ನು ಮರೆಯಬೇಡಿ.

ರಾಗಿ ಒಣಗಿಸುವವರಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಮಹಡಿ ಮೇಲೆ ಕಾಳು ಹರಡಿ, ಹಕ್ಕಿ ಓಡಿಸುತ್ತ ಮಟಮಟ ಮಧ್ಯಾಹ್ನ ಅಲ್ಲೇ ಕೂರುವುದನ್ನು ನಾನೂ ಎಷ್ಟೋ ವರ್ಷ ಮಾಡಿದೆ. ಬೆಳಿಗ್ಗೆ 8ಕ್ಕೇ ಹರಡಿ ಬನ್ನಿ. ಮೇಲಿನ ಬಟ್ಟೆಯ ನಾಲ್ಕು ಮೂಲೆಗೆ ಕಲ್ಲು ಇಟ್ಟರೆ ಹಕ್ಕಿಯ ಕಾಟ ಇರುವುದಿಲ್ಲ. 10ರಿಂದ 4ರ ನಡುವೆ ಕೈಯಾಡಿಸಲು ಹೋಗಬೇಕಾದರೆ ತಲೆಗೆ ಟೋಪಿ ಅಥವಾ ಸೆರಗು, ಕೈಗೆ ಉದ್ದ ತೋಳಿನ ಹತ್ತಿ ಅಂಗಿ ಇರಲಿ. ಸಂಜೆ 5ಕ್ಕೆ ಬಿಸಿಲು ಇಳಿದ ಮೇಲೆ ರಾಗಿಯನ್ನು ಒಟ್ಟುಮಾಡಿ ಒಳಗೆ ತನ್ನಿ. ಇಬ್ಬನಿ ಬೀಳುವವರೆಗೆ ಬಿಟ್ಟರೆ ಮತ್ತೆ ತೇವ ಹೀರುತ್ತದೆ.